ಕಟ್ಟೆಯ ಮಟ್ಟ, ನೀರುನಾಯಿಯ ಹೆಜ್ಜೆ

ನಮ್ಮ ಕಡೆ ಬೆಳಿಗ್ಗೆ ಪೇಪರ್ ಬಿಡಿಸಿದವರು ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ ಮಟ್ಟವನ್ನು. 124.80 ಅಡಿಗೆ ಇನ್ನೆಷ್ಟು ಬಾಕಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬ ಮೂರು ಸಾಲು. ಅಪ್ಪ ಅದನ್ನು ನೋಡುತ್ತಿದ್ದುದು ಭತ್ತದ ನಾಟಿಗಾಗಿ. ನಾನು ಅದೇ ಮೂರು ಸಾಲನ್ನು ನೀರುನಾಯಿಗಳಿಗಾಗಿ ನೋಟ್‌ಬುಕ್ಕಿಗೆ ಇಳಿಸತೊಡಗಿ ಎರಡು ವರ್ಷ ದಾಟಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ಸಂಶೋಧಕನಲ್ಲ. ಶ್ರೀರಂಗಪಟ್ಟಣದ ಸಂಗಮ ದಾಟಿ ಕಾವೇರಿ ಕೆಳಗೆ ಹರಿಯುವ ದಾರಿಯಲ್ಲಿ ನಮ್ಮ ಗದ್ದೆಯ ಕೊನೆಯ ಬದು ಹೊಳೆಗೆ ತಾಗುತ್ತದೆ. ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಸೇರಿ ನಾಲ್ಕು ಕಿಲೋಮೀಟರ್ ದಡ ನನ್ನ ಪಾಲಿನ ಓದು. ಊರಿನ ಹೆಸರು ಬರೆಯುವುದಿಲ್ಲ. ನೀರುನಾಯಿಯ ಮರಿಗಳನ್ನು ಸಾಕುವ ಆಸೆಗೆ ಕದಿಯುವವರಿದ್ದಾರೆ, ತುಪ್ಪಳಕ್ಕಾಗಿ ದೊಡ್ಡವನ್ನು ಕೊಲ್ಲುವವರಿದ್ದಾರೆ. ನಯ ತುಪ್ಪಳದ ಈ ಜಾತಿಯ ಅಂತರರಾಷ್ಟ್ರೀಯ ವ್ಯಾಪಾರವನ್ನು 2019ರಲ್ಲೇ ಪೂರ್ತಿ ನಿಷೇಧಿಸಿದ್ದಾರೆ. ಆದರೂ ಬಿಲದ ಜಾಗ ನಾಲ್ಕು ಜನರ ಮೊಬೈಲಿಗೆ ಹೋದರೆ ಆ ಬಿಲ ಉಳಿಯುವುದಿಲ್ಲ ಎಂಬ ಭಯ ನನಗಿದೆ.

ಶುರುವಾದದ್ದು 2022ರ ನವೆಂಬರಿನಲ್ಲಿ. ದೀಪಾವಳಿ ಕಳೆದು ಹೊಳೆಯ ನೀರು ಇಳಿದಿತ್ತು, ಮುಳುಗಿದ್ದ ಬಂಡೆಗಳು ಒಂದೊಂದಾಗಿ ತಲೆ ಎತ್ತಿದ್ದವು. ಒಂದು ಚಪ್ಪಟೆ ಬಂಡೆಯ ಮೇಲೆ ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು ಕಲೆತ ಕಪ್ಪು ಗುಡ್ಡೆಗಳು. ಯಾವುದೋ ಹಕ್ಕಿ ಕಕ್ಕಿದೆ ಅಂದುಕೊಂಡೆ. ತೆಪ್ಪದಲ್ಲಿ ಬಲೆ ಬಿಡುತ್ತಿದ್ದ ಹಿರಿಯರೊಬ್ಬರು, ನಾನು ಅವರನ್ನು ಚಿಕ್ಕಂದಿನಿಂದ ಮಾವ ಎನ್ನುತ್ತೇನೆ, ದೂರದಿಂದಲೇ ಕೂಗಿ ಹೇಳಿದರು: “ಹಕ್ಕಿ ಅಲ್ಲ ಮೇಷ್ಟ್ರೇ, ನೀರ್ನಾಯಿ ಹೇತಿರೋದು. ಒಂದೇ ಜಾಗಕ್ಕೆ ಮನೆಮಂದಿಯೆಲ್ಲ ಬತ್ತವೆ.”

ಮಾವ ಹೇಳಿದ್ದು ನಿಜ. ಇವು ಕುಟುಂಬವಾಗಿ ಬದುಕುವ ಪ್ರಾಣಿಗಳು. ಒಟ್ಟಿಗೆ ಈಜಿ ಮೀನನ್ನು ಅಟ್ಟಿಕೊಂಡು ಹೋಗುತ್ತವೆ, ಒಟ್ಟಿಗೆ ಮರಳಿನಲ್ಲಿ ಹೊರಳಿ ಮೈ ಒಣಗಿಸಿಕೊಳ್ಳುತ್ತವೆ, ಗೊತ್ತಾದ ಬಂಡೆಗಳ ಮೇಲೆ ಹಿಕ್ಕೆ ಹಾಕುತ್ತವೆ. ಆ ಹಿಕ್ಕೆಯ ವಾಸನೆಯೇ ಅವುಗಳಿಗೆ ಊರ ಚಾವಡಿಯ ಸುದ್ದಿ. ಯಾರು ಬಂದಿದ್ದರು, ಯಾರು ಇದ್ದಾರೆ ಎನ್ನುವುದು ಅಲ್ಲೇ ತಿಳಿಯುತ್ತದೆ. ಅದಕ್ಕೇ ನಾನು ಹಿಕ್ಕೆಯನ್ನು ಬಂಡೆಯಿಂದ ಎತ್ತುವುದಿಲ್ಲ. ಎಣಿಸಿದ್ದರ ಪಕ್ಕ ಒಂದು ಸಣ್ಣ ಕಲ್ಲು ಇಟ್ಟು ಬರುತ್ತೇನೆ. ಮುಂದಿನ ವಾರ ಕಲ್ಲಿಲ್ಲದವು ಹೊಸವು. ಹೊಸದು ಕಪ್ಪಗೆ ಲೋಳೆಯಾಗಿ ಹಸಿ ಮೀನಿನ ನಾತ ಬೀರುತ್ತದೆ. ಬಿಸಿಲು ಬಿದ್ದ ಹಳೆಯದು ಬಿಳಿಚಿ, ಮುಟ್ಟಿದರೆ ಪುಡಿಯಾಗುತ್ತದೆ. ಏನು ತಿಂದಿವೆ ಎಂದು ತಿಳಿಯಬೇಕಾದಾಗ ಮಾತ್ರ ತಿಂಗಳಿಗೊಮ್ಮೆ ಚೂರು ತಂದು, ಚಹಾ ಸೋಸುವ ಹಳೆಯ ಜರಡಿಯಲ್ಲಿ ತೊಳೆದು ನೋಡುತ್ತೇನೆ. ನಮ್ಮಲ್ಲಿ ಹೆಚ್ಚು ಸಿಗುವುದು ಜಿಲೇಬಿ ಮೀನಿನ ಹುರುಪೆ ಮತ್ತು ಏಡಿ.

ಮೊದಲ ಆರು ತಿಂಗಳ ನೋಟ್‌ಬುಕ್ ಈಗ ನನಗೆ ಯಾವ ಕೆಲಸಕ್ಕೂ ಬರುವುದಿಲ್ಲ. ಅದರಲ್ಲಿ ‘ಕಂಡವು’, ‘ಕಾಣಲಿಲ್ಲ’ ಎಂಬ ಎರಡೇ ಮಾತಿವೆ. ಕಾಣದ ದಿನ ಹೊಳೆ ಎಷ್ಟಿತ್ತು, ನಾನು ಎಷ್ಟು ಹೊತ್ತು ಕೂತಿದ್ದೆ, ಅಲ್ಲಿ ಬಲೆ ಬಿಟ್ಟಿದ್ದರೋ ಇಲ್ಲವೋ ಒಂದೂ ಬರೆದಿಲ್ಲ. 2023ರ ಮೇ ನಂತರ ಪ್ರತಿ ಭಾನುವಾರಕ್ಕೆ ಒಂದೊಂದು ಸಾಲು ಇಟ್ಟೆ: ದಿನಾಂಕ, ಕಟ್ಟೆಯ ಮಟ್ಟ, ಹೊರಹರಿವು, ನಮ್ಮ ಬದುವಿನ ಹೊಳೆಮತ್ತಿಯ ಬೇರಿನವರೆಗೆ ನೀರು ಬಂದಿದೆಯೇ, ಒಂದೊಂದು ಬಂಡೆಯಲ್ಲಿ ಹೊಸ ಹಿಕ್ಕೆ ಎಷ್ಟು, ಹಸಿ ಮರಳಿನಲ್ಲಿ ಹೆಜ್ಜೆ ಯಾವ ಕಡೆ ಮುಖ ಮಾಡಿದೆ. ಹೆಜ್ಜೆಯನ್ನು ನಾಯಿಯದರಿಂದ ಬೇರೆ ಮಾಡುವುದು ಕಷ್ಟವಲ್ಲ. ಐದು ಬೆರಳು ಮೂಡಿರುತ್ತವೆ, ಮರಳು ನುಣುಪಾಗಿದ್ದರೆ ಬೆರಳ ನಡುವಿನ ಪೊರೆಯೂ ಅಚ್ಚಾಗಿರುತ್ತದೆ. ನಾಯಿಯದು ನಾಲ್ಕೇ ಬೆರಳು. ಚಪ್ಪಟೆ ಬಾಲ ಎಳೆದ ಗೀರೂ ಕೆಲವು ಸಲ ಸಿಗುತ್ತದೆ.

ಕ್ಯಾಮೆರಾ ವಿಷಯದಲ್ಲಿ ಎಡವಿದ್ದನ್ನು ಬಿಡಿಸಿ ಹೇಳಬೇಕು, ಹೊಸಬರಿಗೆ ಉಪಯೋಗವಾದೀತು. ಓಡಾಟ ಕಂಡರೆ ತಾನೇ ಚಿತ್ರ ಹಿಡಿಯುವ ಎರಡು ಹಳೆಯ ಕ್ಯಾಮೆರಾ ಕೊಂಡೆ. ಅರಣ್ಯ ಇಲಾಖೆಯವರಿಗೆ ತಿಳಿಸಿಯೇ ನಮ್ಮ ಸ್ವಂತ ಬದುವಿನಲ್ಲಿ ಕಟ್ಟಿದೆ. ಮೊದಲ ಸಲ ಹೊಳೆಗೆ ಮುಖ ಮಾಡಿ, ಎದೆ ಎತ್ತರಕ್ಕೆ. ವಾರದ ಮೇಲೆ ಕಾರ್ಡ್ ತೆಗೆದರೆ ಸಾವಿರಾರು ಚಿತ್ರ, ಎಲ್ಲವೂ ಬಿಸಿಲಿಗೆ ಹೊಳೆಯುವ ಅಲೆ. ನೀರು ಮಿನುಗಿದಾಗಲೆಲ್ಲ ಅದು ಪ್ರಾಣಿ ಎಂದು ತಿಳಿದು ಕ್ಲಿಕ್ಕಿಸಿತ್ತು. ಆಮೇಲೆ ಹೊಳೆಗೆ ಬೆನ್ನು ಹಾಕಿ, ನೆಲದಿಂದ ಮೊಣಕಾಲೆತ್ತರಕ್ಕೆ, ಹಿಕ್ಕೆಯ ಬಂಡೆಯತ್ತ ತಿರುಗಿಸಿದೆ. ಎದುರಿಗಿದ್ದ ಹುಲ್ಲನ್ನು ಕೊಯ್ದೆ. ಮೂರನೇ ರಾತ್ರಿಯೇ ಐದು ಬಂದವು. ಮೀನು ಹಿಡಿಯುವವರ ಓಡಾಟವಿದ್ದ ದಿನಗಳಲ್ಲಿ ಅವು ಹಗಲು ಹೊರಗೆ ಬರುತ್ತಲೇ ಇರಲಿಲ್ಲ. ಬಂದ್ ಆಗಿ ಹೊಳೆ ಖಾಲಿಯಿದ್ದ ದಿನ ಬೆಳಿಗ್ಗೆ ಒಂಬತ್ತಕ್ಕೇ ಮರಳಿನಲ್ಲಿ ಹೊರಳಾಡಿದ ಚಿತ್ರವಿದೆ.

ಒಂದೊಂದನ್ನೂ ಗುರುತಿಸಲು ಚಿರತೆಗಾದರೆ ಮೈಮೇಲಿನ ಚುಕ್ಕಿಗಳಿವೆ. ನೀರುನಾಯಿ ಎಲ್ಲವೂ ಒಂದೇ ಕಂದು. ನನಗೆ ಸಿಕ್ಕಿದ್ದು ಒಂದೇ ಗುರುತು: ಬಾಲದ ತುದಿ ಮುರಿದ ಒಂದು ಹೆಣ್ಣು. ಈ ಬರಹದಲ್ಲಿ ‘ಅವಳು’ ಎಂದರೆ ಇವಳೇ.

ನಮ್ಮಲ್ಲಿ ಮರಿಗಳು ಚಳಿಗಾಲದಲ್ಲಿ ಹುಟ್ಟುತ್ತವೆ. ಗರ್ಭ ಎರಡು ತಿಂಗಳದ್ದು. ಹುಟ್ಟಿದಾಗ ಕಣ್ಣು ಮುಚ್ಚಿರುತ್ತದೆ, ಬಿಲದಿಂದ ಹೊರಗೆ ಬರುವುದು ವಾರಗಳ ನಂತರ. 2024ರ ಜನವರಿಯಲ್ಲಿ ಅವಳ ಹಿಂದೆ ನಾಲ್ಕು ಮರಿ ಬಂಡೆಗೆ ಬಂದವು. ನೀರುನಾಯಿಯ ಮರಿಗೆ ಈಜು ಹುಟ್ಟಿನಿಂದಲೇ ಬರುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಅವಳು ಒಂದರ ಕತ್ತಿನ ತೊಗಲು ಕಚ್ಚಿ ನೀರಿಗೆ ಎಳೆದಳು, ಅದು ಕಿಚಿಕಿಚಿ ಅಂತ ಅರಚುತ್ತ ಮತ್ತೆ ಬಂಡೆ ಹತ್ತಿತು. ಮತ್ತೆ ಎಳೆದಳು. ಇದು ಆರು ದಿನ ನಡೆಯಿತು. ಏಳನೆಯ ದಿನದ ಚಿತ್ರದಲ್ಲಿ ನಾಲ್ಕೂ ನೀರಿನಲ್ಲಿದ್ದವು. ಗಂಡು ಮೀನು ಕಚ್ಚಿಕೊಂಡು ಬಂದು ಮರಿಗಳ ಮುಂದೆ ಇಡುವುದನ್ನೂ ಎರಡು ಸಲ ಕಂಡೆ. ಸಾಕುವುದರಲ್ಲಿ ಗಂಡಿಗೂ ಪಾಲಿದೆ.

ಬೆಳವಣಿಗೆ ಅಳೆಯಲು ಹಿಡಿದು ತೂಗುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ಅದಕ್ಕಿಂತ ಮೊದಲು ಅದು ತಪ್ಪು. ಬಂಡೆಯ ಪಕ್ಕ ಒಂದು ಬಿದಿರು ಹುಗಿದು, ಹತ್ತು ಸೆಂಟಿಮೀಟರಿಗೊಂದು ಗೀರು ಹಾಕಿದೆ. ಮರಿ ಅದರ ಪಕ್ಕ ನಿಂತ ಚಿತ್ರ ಸಿಕ್ಕಾಗಲೆಲ್ಲ ಹೆಗಲಿನ ಎತ್ತರ ಬರೆದುಕೊಂಡೆ. ತಿಂಗಳಿಗೆ ಅಂಥ ಎರಡೋ ಮೂರೋ ಚಿತ್ರ ಸಿಕ್ಕರೆ ಹೆಚ್ಚು. ಫೆಬ್ರುವರಿಯಲ್ಲಿ ತಲೆ ದಪ್ಪ, ಬಾಲ ಸಣಕಲು. ಏಪ್ರಿಲ್ ಹೊತ್ತಿಗೆ ಮೈ ಉದ್ದವಾಗಿ, ತಮ್ಮಷ್ಟಕ್ಕೆ ಏಡಿ ಹಿಡಿಯುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ದೊಡ್ಡದು ಯಾವುದು, ಮರಿ ಯಾವುದು ಎಂದು ಚಿತ್ರದಲ್ಲಿ ಹೇಳಲಾಗುವುದಿಲ್ಲ.

ನಾಲ್ಕರಲ್ಲಿ ಒಂದು ಫೆಬ್ರುವರಿಯಲ್ಲೇ ಹೋಯಿತು. ಬಿಲದಿಂದ ಐವತ್ತು ಮಾರು ದೂರದಲ್ಲಿ ರಾತ್ರಿ ಬಿಟ್ಟಿದ್ದ ಬಲೆಯಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಿತ್ತು. ನೀರಿನ ಪ್ರಾಣಿಯಾದರೂ ಉಸಿರಿಗೆ ಮೇಲೆ ಬರಲೇಬೇಕು. ಬಲೆ ಬಿಟ್ಟವರೇ ನನ್ನನ್ನು ಕರೆದು ತೋರಿಸಿದರು. ಮರಿಯನ್ನು ಬಿಡಿಸುವಾಗ ಅವರ ಕೈ ನಡುಗುತ್ತಿತ್ತು. ಇಲಾಖೆಯವರು ಬಂದು ಬರೆದುಕೊಂಡು ಹೋದರು. ಆ ಸಂಜೆ ನಾನು ಮಾವನ ಮನೆಗೆ ಹೋದೆ. ಬೈಯಲು ಹೋಗಿರಲಿಲ್ಲ, ಬೈದಿದ್ದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅವರ ಕಡೆಯ ಲೆಕ್ಕವೂ ಸುಳ್ಳಲ್ಲ: ಬಲೆಗೆ ಬಿದ್ದ ಮೀನನ್ನು ನೀರುನಾಯಿ ಕಿತ್ತುಕೊಳ್ಳುವಾಗ ಬಲೆಯೂ ಹರಿಯುತ್ತದೆ, ಹರಿದ ಬಲೆ ಎರಡು ದಿನದ ದುಡಿಮೆ ತಿನ್ನುತ್ತದೆ. ಬಹಳ ಹೊತ್ತು ಮಾತಾಡಿದೆವು. ನವೆಂಬರಿನಿಂದ ಮಾರ್ಚ್ ತನಕ ಬಿಲದ ಎರಡೂ ಕಡೆ ಇನ್ನೂರು ಮೀಟರ್ ಒಳಗೆ ರಾತ್ರಿ ಬಲೆ ಬಿಡುವುದಿಲ್ಲ ಎಂದು ಐದು ಮನೆಯವರು ಒಪ್ಪಿದರು. ಹರಿದ ಬಲೆಗೆ ದಾರ ನಾನು ತಂದುಕೊಡುತ್ತೇನೆ ಎಂದೆ. ಇಂದಿಗೂ ತರುತ್ತಿದ್ದೇನೆ. ಇದು ದೊಡ್ಡ ಮೊತ್ತವಲ್ಲ. ಮೇ ತಿಂಗಳಲ್ಲಿ ಇನ್ನೊಂದು ಮರಿ ಕಡಿಮೆಯಾಯಿತು. ದಡದಲ್ಲಿ ಬೀದಿನಾಯಿಗಳ ಹಿಂಡಿನ ಹೆಜ್ಜೆ ಇತ್ತು. ಉಳಿದದ್ದು ಎರಡು.

ಓಡಾಟದ ವಿಷಯಕ್ಕೆ ಬರುತ್ತೇನೆ. ನಾನು ಅತಿ ಹೆಚ್ಚು ತಪ್ಪು ತಿಳಿದದ್ದು ಇಲ್ಲೇ.

2023ರಲ್ಲಿ ಕಟ್ಟೆ ತುಂಬಲೇ ಇಲ್ಲ. ಆ ಸೆಪ್ಟೆಂಬರ್ ಮಂಡ್ಯದವರು ಮರೆಯುವಂಥದ್ದಲ್ಲ. ನಾಲೆಗೆ ನೀರಿಲ್ಲ, ಹೊಳೆಯಲ್ಲಿ ತಮಿಳುನಾಡಿಗೆ ಬಿಟ್ಟ ನೀರು ನಮ್ಮ ಒಣ ಗದ್ದೆಯ ಪಕ್ಕದಲ್ಲೇ ಹರಿಯುತ್ತಿತ್ತು. ಬೆಳಿಗ್ಗೆ ರಸ್ತೆಯಲ್ಲಿ ಧರಣಿ ಕೂತು, ಸಂಜೆ ಬಂದು ಹಿಕ್ಕೆ ಎಣಿಸಿದ ದಿನಗಳಿವೆ. ಮುಂದೆ ಬೇಸಿಗೆಯಲ್ಲಿ ಹೊಳೆಯೂ ಬತ್ತಿ ಮಡುಗಳಷ್ಟೇ ಉಳಿದಾಗ ಬಂಡೆಗಳ ಮೇಲೆ ಹೊಸ ಹಿಕ್ಕೆ ರಾಶಿಯಾಯಿತು. ಸಂತೋಷಪಟ್ಟೆ, ಇವು ಹೆಚ್ಚಿವೆ ಎಂದು ಬರೆದೂ ಬಿಟ್ಟೆ. ಕ್ಯಾಮೆರಾದಲ್ಲಿ ಎಣಿಸಿದರೆ ಅವೇ ಪ್ರಾಣಿಗಳು. ನೀರು ಎರಡು ಮಡುವಿಗೆ ಕುಗ್ಗಿತ್ತು, ಕುಟುಂಬವೂ ಎರಡು ಮಡುವಿಗೆ ಕುಗ್ಗಿತ್ತು, ಅಷ್ಟೇ. ಆ ಸಾಲನ್ನು ಹೊಡೆದು ಹಾಕಲಿಲ್ಲ, ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಕಟ್ಟೆಯ ಮಟ್ಟ ಬರೆದೆ. ಹಿಕ್ಕೆಯ ಲೆಕ್ಕವನ್ನು ನೀರಿನ ಲೆಕ್ಕದ ಜೊತೆಗಿಟ್ಟೇ ಓದಬೇಕು ಎಂದು ನನಗೆ ತಿಳಿದದ್ದು ಆ ಸಾಲಿನಿಂದ.

ಅದರ ಮುಂದಿನ ಮಳೆಗಾಲ ಪೂರ್ತಿ ತಿರುಗುಮುರುಗು. 2024ರ ಜುಲೈಯಲ್ಲಿ ಕಟ್ಟೆ ತುಂಬಿತು, ಆಗಸ್ಟ್ ಆರಂಭದಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತು. ಬಂಡೆ, ಬಿಲ, ಮರಳು, ಬಿದಿರು, ಒಂದು ಕ್ಯಾಮೆರಾ, ಎಲ್ಲವೂ ನೀರಿನಡಿ. ಐದು ವಾರ ಒಂದು ಹೆಜ್ಜೆ ಸಿಗಲಿಲ್ಲ. ಎರಡು ಮರಿಯೂ ಕೊಚ್ಚಿಹೋದವು ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಾವನಿಗೆ ಹೇಳಿದರೆ, “ಕೆಳೀಕೆ ಯಾಕೋದಾವು? ನೀರು ಎತ್ತ ನುಗ್ತದೋ ಅತ್ತ ನೋಡಿ ಮೇಷ್ಟ್ರೇ” ಅಂದರು. ನಾನು ನೋಡುತ್ತಿದ್ದುದು ಹೊಳೆಯ ಉದ್ದಕ್ಕೆ. ಅವರು ಹೇಳಿದ್ದು ಅಡ್ಡಕ್ಕೆ.

ನಮ್ಮ ಊರಿನ ಹಿಂದೆ ಗದ್ದೆಗಳ ಬಸಿನೀರು ಹೊಳೆಗೆ ಸೇರುವ ಒಂದು ಹಳ್ಳವಿದೆ, ಎರಡೂ ಬದಿ ಆಪು ಹುಲ್ಲು ಬೆಳೆದಿದೆ. ಹೊಳೆ ಉಕ್ಕಿದಾಗ ನೀರು ಅದರೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಹಳ್ಳದ ಪಕ್ಕದ ಕಬ್ಬಿನ ಗದ್ದೆಯ ಅಜ್ಜಿಯನ್ನು ಕೇಳಿದೆ. “ಮುಂಗುಸಿ ಥರದ್ದು, ಆದ್ರೆ ದೊಡ್ಡದು ಕಣಪ್ಪ, ಸಾಲಾಗಿ ಓಡಾಡ್ತವೆ. ಏಡಿ ತಿಂದು ಚಿಪ್ಪೆಲ್ಲ ಬದಿನ ಮ್ಯಾಲೆ ಉಗೀತವೆ” ಎಂದರು. ಉಳಿದಿದ್ದ ಕ್ಯಾಮೆರಾವನ್ನು ಹಳ್ಳದ ಮೋರಿಯ ಬಾಯಿಗೆ ಕಟ್ಟಿದೆ. ಹೊಳೆಯಿಂದ ಒಂದು ಕಿಲೋಮೀಟರ್ ಒಳಗೆ, ಮುರಿದ ಬಾಲದವಳು, ಅವಳ ಹಿಂದೆ ಎರಡು. ಚಿತ್ರ ನೋಡಿ ಕಣ್ಣು ತುಂಬಿತು. ಅಲ್ಲಿನ ಹಿಕ್ಕೆ ತೊಳೆದಾಗ ಮೀನಿನ ಹುರುಪೆ ಬಲು ಕಡಿಮೆ, ಏಡಿ ಚಿಪ್ಪು ಮತ್ತು ಕಪ್ಪೆಯ ಮೂಳೆ ಹೆಚ್ಚು. ಕೆಂಪು ನೀರಿನಲ್ಲಿ ಮೀನು ಹಿಡಿಯುವುದಕ್ಕಿಂತ ಗದ್ದೆಯ ಏಡಿ ಅವಕ್ಕೆ ಸುಲಭವಾಗಿತ್ತು ಎಂದು ನನ್ನ ಊಹೆ.

ಚಂಬಲ್ ನದಿಯ ಅಧ್ಯಯನದಲ್ಲಿ ಮರಿಯಿರುವ ಹೆಣ್ಣು ಸುಮಾರು 5.5 ಕಿಲೋಮೀಟರ್ ಹೊಳೆಯನ್ನೂ ಗಂಡು ಸುಮಾರು 17 ಕಿಲೋಮೀಟರನ್ನೂ ಬಳಸಿದ್ದನ್ನು ದಾಖಲಿಸಿದ್ದಾರೆ. ಅದನ್ನು ಓದಿ ನಾನು ಬರೇ ಉದ್ದವನ್ನೇ ತಲೆಯಲ್ಲಿಟ್ಟುಕೊಂಡಿದ್ದೆ. ನಮ್ಮ ಕಾವೇರಿಯ ಈ ಭಾಗದಲ್ಲಿ ಹಳ್ಳ, ನಾಲೆ, ಬಸಿಗಾಲುವೆ, ಕೆರೆಕೋಡಿ ಎಲ್ಲವೂ ಹೊಳೆಯ ಕೈಬೆರಳುಗಳು. ಹಳ್ಳಕ್ಕೆ ಕಾಂಕ್ರೀಟ್ ಹಾಸಿ, ಆಪು ಸುಟ್ಟು ‘ಕ್ಲೀನ್’ ಮಾಡಿದರೆ ನೆರೆ ಬಂದ ತಿಂಗಳಲ್ಲಿ ಇವಕ್ಕೆ ಹೋಗಲು ಜಾಗವೇ ಇಲ್ಲ. ಅಜ್ಜಿಯ ಮನೆಯವರು ಈ ವರ್ಷ ತಮ್ಮ ಬದಿಯ ಆಪಿಗೆ ಬೆಂಕಿ ಇಟ್ಟಿಲ್ಲ. ಉಳಿದ ಮೂರು ಗದ್ದೆಯವರ ಹತ್ತಿರ ಮಾತು ನಡೆದಿದೆ, ಒಬ್ಬರು ಒಪ್ಪಿಲ್ಲ. ಆಪಿನಲ್ಲಿ ಹಂದಿ ಸೇರಿಕೊಳ್ಳುತ್ತವೆ ಎನ್ನುವುದು ಅವರ ಅಂಜಿಕೆ, ಅದಕ್ಕೆ ನನ್ನ ಬಳಿ ಇನ್ನೂ ಸರಿಯಾದ ಉತ್ತರವಿಲ್ಲ.

ಅಕ್ಟೋಬರ್ ಕೊನೆಗೆ ಹೊಳೆ ಇಳಿಯಿತು. ಹಳೆಯ ಬಿಲಕ್ಕೆ ಮರಳು ಮೆತ್ತಿತ್ತು. ಎದುರು ದಡದಲ್ಲಿ ಹೊಂಗೆ ಮರದ ಬೇರಿನಡಿ ಹೊಸ ಬಾಯಿ ತೆರೆದಿತ್ತು. 2025ರ ಜನವರಿಯಲ್ಲಿ ಅವಳು ಮೂರು ಮರಿಗಳ ಜೊತೆ ಬಂಡೆಗೆ ಬಂದಳು. ಬಿದಿರು ನೆರೆಯಲ್ಲಿ ಹೋಗಿದ್ದರಿಂದ ಈ ಸಲ ಅಳತೆಗೋಲು ಅವಳೇ: ಮರಿಯ ತಲೆ ಅವಳ ಹೆಗಲಿಗೆ ಎಲ್ಲಿಗೆ ಬರುತ್ತದೆ ಎಂದು ಬರೆದುಕೊಂಡೆ. ಹಿಂದಿನ ವರ್ಷದ ಎರಡರಲ್ಲಿ ಒಂದು ಇನ್ನೂ ಜೊತೆಗಿದ್ದು ಮರಿಗಳನ್ನು ಕಾಯುತ್ತಿತ್ತು. ಇನ್ನೊಂದು ಡಿಸೆಂಬರ್ 15ರ ರಾತ್ರಿ ಮೋರಿಯ ಕ್ಯಾಮೆರಾದಲ್ಲಿ ಒಂಟಿಯಾಗಿ ಕಂಡಿತ್ತು, ಹೊಳೆಗೆ ಬೆನ್ನು ಹಾಕಿ, ಹಳ್ಳದ ಮೇಲ್ಗಡೆಗೆ ಮುಖ ಮಾಡಿ. ಹಳ್ಳದ ತಲೆಯಲ್ಲಿ ಕೆರೆಯಿದೆ. ಕೆರೆ ಏರಿಯ ಕಲ್ಲುಗಳ ಮೇಲೆ ಹಿಕ್ಕೆ ಹುಡುಕಲು ಈಗ ಶನಿವಾರವೂ ಹೋಗುತ್ತಿದ್ದೇನೆ.