ಒಂದು ಚೌಕ ಎಷ್ಟು ಗುಂಟೆ? ರಾಸ್ಟರ್ ನಕ್ಷೆಗೆ ಕೋಡ್‌ನಲ್ಲಿ ಅಳತೆ ಕೊಡುವುದು ಹೇಗೆ

ಜೋಗಿಮಟ್ಟಿಯ ಇಳಿಜಾರು ನಕ್ಷೆ ಮಾಡಲು ಮೊದಲ ಸಲ ಕೂತಾಗ ಬಂದ ಉತ್ತರ ನೋಡಿ ನನಗೆ ಗಾಬರಿಯಾಯಿತು. ಬೆಟ್ಟ ಹಾಗಿರಲಿ, ಚಿತ್ರದುರ್ಗದ ಸುತ್ತಲಿನ ಹೊಲಗಳೂ 89 ಡಿಗ್ರಿ ಕಡಿದಾಗಿ ನಿಂತಿದ್ದವು. ಕೋಡ್ ಸರಿಯಾಗಿಯೇ ಇತ್ತು. ತಪ್ಪಿದ್ದು ಅಳತೆ. ಎತ್ತರ ಮೀಟರ್‌ನಲ್ಲಿತ್ತು, ನೆಲದ ಉದ್ದಗಲ ಡಿಗ್ರಿಯಲ್ಲಿತ್ತು. ಎರಡೂ ಒಂದೇ ಮಾನದಲ್ಲಿಲ್ಲದೆ ಇಳಿಜಾರು ಲೆಕ್ಕ ಹಾಕಿದರೆ ಹೀಗೇ ಆಗುತ್ತದೆ.

ರಾಸ್ಟರ್ ಅಂದರೆ ಚೌಕಗಳ ಜಾಲ. ಒಂದು ಚೌಕಕ್ಕೆ ಒಂದು ಸಂಖ್ಯೆ. 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ಎತ್ತರದ ಮಾಹಿತಿ ಉಚಿತವಾಗಿ ಸಿಗುತ್ತದೆ. ಚಿತ್ರದುರ್ಗ ಬೇಕಾದರೆ ಎನ್14ಇ076 ಎಂಬ ಹೆಸರಿನ ತುಣುಕು ಇಳಿಸಿಕೊಳ್ಳಿ. ದಾವಣಗೆರೆ ಊರು, ಸೂಳೆಕೆರೆ ಬೇಕಾದರೆ ಎನ್14ಇ075. ಇದರ ಒಂದು ಚೌಕ ಒಂದು ಆರ್ಕ್ ಸೆಕೆಂಡ್, ಅಂದರೆ ಡಿಗ್ರಿಯ 3600ನೇ ಒಂದು ಭಾಗ. ನಮ್ಮ ಕಡೆ ಅದು ಪೂರ್ವ-ಪಶ್ಚಿಮಕ್ಕೆ ಸುಮಾರು 30 ಮೀಟರ್, ಉತ್ತರ-ದಕ್ಷಿಣಕ್ಕೆ 30.7 ಮೀಟರ್. ನಿಜವಾದ ಚೌಕವೇ ಅಲ್ಲ!

ಮೊದಲು ಮೀಟರ್ ಲೆಕ್ಕದ ವ್ಯವಸ್ಥೆ ಆರಿಸಿಕೊಳ್ಳಿ. ಯುಟಿಎಂ ಅಂಥದ್ದು, ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುತ್ತದೆ. ನಮ್ಮ ಎರಡೂ ಜಿಲ್ಲೆಗಳು ಅದರ 43ನೇ ವಲಯದ ಉತ್ತರ ಭಾಗದಲ್ಲಿವೆ. ಅದರ ಸಂಕೇತ ಇಪಿಎಸ್‌ಜಿ 32643.

ಇನ್ನು ಚೌಕ ಎಷ್ಟು ದೊಡ್ಡದಿರಬೇಕು? ಇದನ್ನು ಸಾಫ್ಟ್‌ವೇರ್‌ಗೆ ಬಿಡಬೇಡಿ. ಬಿಟ್ಟರೆ ಅದು 30 ಚಿಲ್ಲರೆ ಮೀಟರ್ ಎಂದು ಯಾವುದೋ ಉದ್ದದ ದಶಮಾಂಶ ಸಂಖ್ಯೆ ಇಡುತ್ತದೆ. ನಾನು ಗುಂಟೆಯಲ್ಲಿ ಯೋಚಿಸುತ್ತೇನೆ. ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. ಹಾಗಾಗಿ 10 ಮೀಟರ್ ಚೌಕ ಹೆಚ್ಚುಕಡಿಮೆ ಒಂದು ಗುಂಟೆ. 30 ಮೀಟರ್ ಚೌಕ ಹತ್ತಿರ ಹತ್ತಿರ ಒಂಬತ್ತು ಗುಂಟೆ. ಅರ್ಧ ಎಕರೆ ಜಮೀನು 30 ಮೀಟರ್ ನಕ್ಷೆಯಲ್ಲಿ ಎರಡೇ ಚೌಕ ಚಿಲ್ಲರೆ ಅಂತ ಗೊತ್ತಾದರೆ, ಆ ನಕ್ಷೆಯಿಂದ ಏನು ಕೇಳಬಹುದು, ಏನು ಕೇಳಬಾರದು ಅನ್ನೋದು ತಾನಾಗಿ ತಿಳಿಯುತ್ತದೆ. ಹಾಗಂತ 30 ಮೀಟರ್ ಮಾಹಿತಿಗೆ 5 ಮೀಟರ್ ಎಂದು ಬರೆಯಬೇಡಿ. ನೂರು ರೂಪಾಯಿ ನೋಟಿಗೆ ಚಿಲ್ಲರೆ ಮಾಡಿಸಿದರೆ ದುಡ್ಡು ಜಾಸ್ತಿ ಆಗಲ್ಲ ಅಲ್ವಾ? ಫೈಲ್ ಮಾತ್ರ 36 ಪಟ್ಟು ಊದಿಕೊಳ್ಳುತ್ತದೆ.

ಈಗ ಕೋಡ್. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ಸಾಫ್ಟ್‌ವೇರ್ ಇದ್ದರೆ ಅದರ ಪೈಥಾನ್ ಕನ್ಸೋಲ್ ಸಾಕು. ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ. ಓಎಸ್‌ಜಿಯೋ ಪ್ಯಾಕೇಜಿನಿಂದ ರಾಸ್ಟರ್ ಫೈಲುಗಳನ್ನು ಓದಿ ಬರೆಯುವ ಜಿಡಾಲ್ ತರಿಸಿಕೊಂಡು, ನಕ್ಷೆಯನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಬದಲಿಸುವ ಅದರ ವಾರ್ಪ್ ಫಂಕ್ಷನ್ ಕರೆಯಿರಿ. ವಾರ್ಪ್‌ನ ಮೊದಲ ಅಕ್ಷರ ದೊಡ್ಡದು. ಆವರಣದೊಳಗೆ ಮೊದಲು ಹೊಸ ಫೈಲಿನ ಹೆಸರು, ಆಮೇಲೆ ಹಳೆಯದು. ಕಮಾಂಡ್ ಲೈನ್‌ನಲ್ಲಿ ಇದು ಉಲ್ಟಾ, ಆದ್ದರಿಂದ ಅಲ್ಲಿಂದ ಬಂದವರು ಇಲ್ಲಿ ಹುಷಾರಾಗಿರಬೇಕು. ಅದಲುಬದಲಾದರೆ ನಿಮ್ಮ ಮೂಲ ಫೈಲೇ ಹಾಳಾಗಬಹುದು.

ಅದರ ಮುಂದೆ ಡಿಎಸ್‌ಟಿಎಸ್‌ಆರ್‌ಎಸ್‌ಗೆ (ಹೊಸ ಫೈಲಿನ ವ್ಯವಸ್ಥೆ) ಇಪಿಎಸ್‌ಜಿ 32643 ಸಂಕೇತ, ಚೌಕದ ಅಗಲ ಮತ್ತು ಎತ್ತರವಾದ ಎಕ್ಸ್‌ರೆಸ್‌ಗೆ 30, ವೈರೆಸ್‌ಗೆ 30 ಕೊಡಿ. ಈ 30 ಯಾವ ಮಾನದ್ದು ಎಂದು ಜಿಡಾಲ್ ಕೇಳುವುದಿಲ್ಲ. ಹೊಸ ಫೈಲಿನ ವ್ಯವಸ್ಥೆ ಯಾವುದೋ ಅದರ ಮಾನವನ್ನೇ ಹಿಡಿಯುತ್ತದೆ. ಡಿಎಸ್‌ಟಿಎಸ್‌ಆರ್‌ಎಸ್ ಬರೆಯಲು ಮರೆತಿರಾ? ಆಗ ಅದು 30 ಡಿಗ್ರಿ. ಇಡೀ ತುಣುಕು ಒಂದೇ ಚೌಕದೊಳಗೆ ಮುಳುಗಿಹೋಗುತ್ತದೆ.

ಟಾರ್ಗೆಟ್‌ಅಲೈನ್ಡ್‌ಪಿಕ್ಸೆಲ್ಸ್ ಅನ್ನು ಟ್ರೂ ಮಾಡಿ. ಆಗ ಜಾಲದ ಅಂಚುಗಳು 30ರ ಗುಣಕಗಳ ಮೇಲೇ ಕೂರುತ್ತವೆ. ಇವತ್ತು ದಾವಣಗೆರೆಯದ್ದು, ನಾಳೆ ಚಿತ್ರದುರ್ಗದ್ದು ಮಾಡಿದರೂ ಎರಡರ ಚೌಕಗಳು ಒಂದಕ್ಕೊಂದು ಸರಿಯಾಗಿ ಜೋಡಿಕೊಳ್ಳುತ್ತವೆ. ಇದಿಲ್ಲದಿದ್ದರೆ ಅರ್ಧ ಚೌಕ ಅತ್ತ ಇತ್ತ ಜರುಗಿರುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ.

ರೀಸ್ಯಾಂಪಲ್‌ಆಲ್ಗ್ ಬಗ್ಗೆ ಸ್ವಲ್ಪ ನಿಲ್ಲೋಣ. ಹೊಸ ಚೌಕಕ್ಕೆ ಹಳೆಯ ಚೌಕಗಳಿಂದ ಬೆಲೆ ತರುವ ದಾರಿ ಇದು. ಎತ್ತರಕ್ಕೆ ಬೈಲೀನಿಯರ್ ಚೆನ್ನ, ಅಕ್ಕಪಕ್ಕದ ಬೆಲೆಗಳನ್ನು ಹದವಾಗಿ ಬೆರೆಸುತ್ತದೆ. ಬೆಳೆ ನಕ್ಷೆಗೆ ಮಾತ್ರ ಅದು ಬೇಡವೇ ಬೇಡ. ಚನ್ನಗಿರಿ ಕಡೆಯ ಒಂದು ನಕ್ಷೆಯಲ್ಲಿ ಭತ್ತಕ್ಕೆ 1, ಕೆರೆಗೆ 2, ಅಡಿಕೆಗೆ 3 ಅಂತ ಇಟ್ಟುಕೊಳ್ಳಿ. ಗದ್ದೆಯ ಪಕ್ಕ ಅಡಿಕೆ ತೋಟ ಇದ್ದಲ್ಲೆಲ್ಲ 1 ಮತ್ತು 3ರ ಸರಾಸರಿ 2 ಬರುತ್ತದೆ. ಗದ್ದೆಗೂ ತೋಟಕ್ಕೂ ನಡುವೆ ಇಲ್ಲದ ಕೆರೆ ಹುಟ್ಟಿಕೊಳ್ಳುತ್ತದೆ! ಇಂಥ ನಕ್ಷೆಗೆ ನಿಯರ್ ಎಂದೇ ಬರೆಯಿರಿ, ಅದು ಹತ್ತಿರದ ಚೌಕದ ಬೆಲೆಯನ್ನೇ ಬೆರೆಸದೆ ತರುತ್ತದೆ.

ಕೆಲಸ ಮುಗಿದ ಮೇಲೆ, ಫಲಿತಾಂಶ ಹಿಡಿದ ವೇರಿಯಬಲ್‌ನಲ್ಲಿ ಗೆಟ್‌ಜಿಯೋಟ್ರಾನ್ಸ್‌ಫಾರ್ಮ್ ಕರೆದು ನೋಡಿ. ಆರು ಸಂಖ್ಯೆ ಬರುತ್ತವೆ. ಎರಡನೆಯದು 30 ಇರಬೇಕು. ಆರನೆಯದು ಮೈನಸ್ 30. ಸಾಲುಗಳನ್ನು ಉತ್ತರದಿಂದ ದಕ್ಷಿಣಕ್ಕೆ ಎಣಿಸುವುದರಿಂದ ಆ ಮೈನಸ್, ಅದು ತಪ್ಪಲ್ಲ. ಮೊದಲ ಸಂಖ್ಯೆ ತುಣುಕಿನ ಪಶ್ಚಿಮದ ಅಂಚು, ಚಿತ್ರದುರ್ಗದ ತುಣುಕಿಗೆ ಅದು 6,07,500ರ ಆಸುಪಾಸು ಇರುತ್ತದೆ. ಈ ವಲಯದಲ್ಲಿ 75 ಡಿಗ್ರಿ ರೇಖೆಗೆ 5 ಲಕ್ಷ ಎಂದು ಕೊಟ್ಟಿರುವುದರಿಂದ, ಆ ಅಂಚು ಆ ರೇಖೆಯಿಂದ ಸುಮಾರು 107 ಕಿಲೋಮೀಟರ್ ಪೂರ್ವಕ್ಕಿದೆ ಎಂದರ್ಥ. ಆ ಮೊದಲ ಸಂಖ್ಯೆಯನ್ನು 30ರಿಂದ ಭಾಗಿಸಿ ನೋಡಿ, ಶೇಷ ಉಳಿಯಬಾರದು.

ಕೊನೆಗೆ ಆ ವೇರಿಯಬಲ್‌ಗೆ ನನ್ (ಪೈಥಾನ್‌ನಲ್ಲಿ 'ಏನೂ ಇಲ್ಲ' ಎನ್ನುವ ಪದ) ಎಂದು ಕೊಡಿ. ಆಗಲೇ ಫೈಲ್ ಪೂರ್ತಿಯಾಗಿ ಡಿಸ್ಕಿಗೆ ಇಳಿಯುವುದು. ನಾನು ಇದೇ ಫೈಲಿನಿಂದ ಇಳಿಜಾರು ಮತ್ತೆ ತೆಗೆದೆ. ಹೊಲಗಳು ಮಲಗಿದವು, ಜೋಗಿಮಟ್ಟಿ ಮಾತ್ರ ಎದ್ದು ನಿಂತಿತು.