ಮಾಯಾಮಾಳವಗೌಳ ಬರೆದರೆ ಶಂಕರಾಭರಣ ಕೇಳಿಸುತ್ತಿತ್ತು

ಕೊನೆಗೂ ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ ವರಸೆ, ಜಂಟಿ ವರಸೆ ಎರಡೂ ಮ್ಯೂಸ್‌ಸ್ಕೋರ್ ಅನ್ನುವ, ಕಂಪ್ಯೂಟರ್‌ನಲ್ಲಿ ಸಂಗೀತ ಬರೆಯುವ ತಂತ್ರಾಂಶದಲ್ಲಿ ಸರಿಯಾಗಿ ಕೂತವು. ಮೇಲೆ ಸ್ಟಾಫ್ (ಪಾಶ್ಚಾತ್ಯರ ಐದು ಗೆರೆಯ ಲಿಪಿ), ಕೆಳಗೆ ಕನ್ನಡದಲ್ಲಿ ಸ್ವರ. "ನಮ್ಮ ಪಾಠಕ್ಕೆ ಇದೆಲ್ಲ ಆಗಲ್ಲ ಬಿಡಿ ಮೇಷ್ಟ್ರೇ" ಅಂದಿದ್ದವರೇ ಈಗ ಫೈಲ್ ಕೇಳುತ್ತಿದ್ದಾರೆ.

ಮೊದಲು ಒಂದು ಡಿಟಿಪಿ ಅಂಗಡಿಗೆ ಕೊಟ್ಟಿದ್ದೆ. ಪುಟಕ್ಕೆ ಸುಮಾರು 120 ರೂಪಾಯಿ, 30 ಪುಟ, ಮೂರೂವರೆ ಸಾವಿರ ಹೋಯಿತು. ಪುಟಕ್ಕೆ ಐದಾರು ತಪ್ಪು, ಮೇಲಿನ ಸ್ಥಾಯಿಯ ಸ್ವರಗಳಿಗೆ ಹಾಕುವ ತಾರಸ್ಥಾಯಿ ಚುಕ್ಕೆಗಳೇ ಇಲ್ಲ. ಮ್ಯೂಸ್‌ಸ್ಕೋರ್ ಉಚಿತ, ಆದರೆ ಕಲಿಯಲು ಎರಡು ತಿಂಗಳ ಸಂಜೆಗಳು ಬೇಕಾದವು.

ಜಾಸ್ತಿ ಕಾಡಿದ್ದು ರಾಗ. ಈ ವರಸೆಗಳು ಮಾಯಾಮಾಳವಗೌಳದಲ್ಲಿವೆ, ಅದರ ರಿ, ಧ ಎರಡೂ ಶಂಕರಾಭರಣದವಕ್ಕಿಂತ ಅರ್ಧ ಸ್ವರ ಕೆಳಗೆ. ಷಡ್ಜ ಸಿ ಅಂತ ಇಟ್ಟುಕೊಂಡರೆ ರಿ ಅಂದರೆ ಡಿ, ಧ ಅಂದರೆ ಎ. ಮೊದಲ ಆವರ್ತನದ, ಅಂದರೆ ತಾಳದ ಮೊದಲ ಸುತ್ತಿನ, ರಿ, ಧಗಳಿಗೆ ಫ್ಲಾಟ್ (ಅರ್ಧ ಸ್ವರ ಇಳಿಸುವ ಗುರುತು) ಹಾಕಿದೆ, ಮುಂದೆ ಸುಮ್ನೆ ಡಿ, ಎ ಒತ್ತುತ್ತಾ ಹೋದೆ. ಪ್ಲೇ ಮಾಡಿದಾಗ ಹತ್ತು ವರ್ಷದ ಶಿಷ್ಯೆ "ಸರ್, ಎರಡನೇ ಸಲ ರಿ ಬೇರೆ ಬರ್ತಿದೆ" ಅಂದಳು. ನಿಜ, ಬಾರ್ (ಎರಡು ಅಡ್ಡಗೆರೆಗಳ ನಡುವಿನ ಭಾಗ) ಮುಗಿದರೆ ಫ್ಲಾಟೂ ಮುಗಿಯಿತು ಅಲ್ವಾ, ಅಲ್ಲಿಂದಾಚೆ ಶಂಕರಾಭರಣ! ಈಗ ಬರೆಯುವಾಗ ಫ್ಲಾಟ್ ಹಾಕುವುದೇ ಇಲ್ಲ. ಇಡೀ ವರಸೆ ಬರೆದು ಮುಗಿಸಿ, ಒಂದು ಡಿ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್, ಮೋರ್‌ಗೆ ಹೋಗಿ ಅದೇ ಸ್ವರಗಳನ್ನೆಲ್ಲ ಒಟ್ಟಿಗೆ ಹಿಡಿದು, ಕೆಳಬಾಣದ ಕೀ ಒಂದೇ ಸಲ ಒತ್ತುತ್ತೇನೆ. ಆಮೇಲೆ ಎಗೂ ಹಾಗೇ. ಇಪ್ಪತ್ತು ನಿಮಿಷದ ಕೆಲಸ ಎರಡು ನಿಮಿಷಕ್ಕೆ ಬಂತು.

ಎಂಟು ಎಣಿಕೆಯ ಆದಿತಾಳಕ್ಕೆ 4/4 ಬಿಟ್ಟು 8/4 ಹಾಕಿದರೆ ಆವರ್ತನ ಒಂದೇ ಬಾರ್‌ನಲ್ಲಿ ನಿಲ್ಲುತ್ತದೆ. ತಾಳದ ಭಾಗಗಳಾದ ಲಘು, ದ್ರುತದ ಗೆರೆಗಳನ್ನು ಎಲ್ಲ ಬಾರ್‌ಗೂ ಒಟ್ಟಿಗೆ ತರುವ ಉಪಾಯ ಒಂದಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಸ್ವರಾಕ್ಷರಗಳನ್ನು ಹಳೇ ಆಸ್ಕಿ ಫೈಲ್‌ನಿಂದ (ಯೂನಿಕೋಡ್‌ಗೂ ಮೊದಲಿನ ಕನ್ನಡ ಫಾಂಟ್‌ನದು) ತಂದು ಪೇಸ್ಟ್ ಮಾಡಿದರೆ ಬರೀ ಇಂಗ್ಲಿಷ್ ಕಸ. ಯೂನಿಕೋಡ್‌ಗೆ ಬದಲಿಸಿಕೊಂಡೇ ತನ್ನಿ. ಒಂದೊಂದು ಪೇಸ್ಟ್‌ಗೆ ಒಂದೊಂದು ಅಕ್ಷರ ಕೂರುತ್ತದೆ, ನಡುವೆ ಸ್ಪೇಸ್ ಇದ್ದರೆ ಮಾತ್ರ. ಫಾಂಟ್ ಬದಲಿಸಿದ ಮೇಲೂ, ಸ್ವರದ ಕೆಳಗಿನ ಎರಡನೇ ಸಾಲು, ಅಂದರೆ ಗೀತೆಯ ಸಾಹಿತ್ಯದ ಸಾಲು ಮಾತ್ರ ಮೊದಲಿನಂತೆಯೇ ಇತ್ತು. ಮೂರು ದಿನ ತಲೆ ಕೆಡಿಸಿಕೊಂಡೆ. ಟೆಕ್ಸ್ಟ್ ಸ್ಟೈಲ್‌ನಲ್ಲಿ ಲಿರಿಕ್ಸ್‌ನ ಬೆಸ ಸಾಲು ಬೇರೆ, ಸಮ ಸಾಲು ಬೇರೆ, ಎರಡಕ್ಕೂ ನೋಟೊ ಸಾನ್ಸ್ ಕನ್ನಡ ಕೊಡಬೇಕು.

ಮಧ್ಯೆ ಜಾರು (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ) ಕೇಳಿಸಬಹುದಾ ಅಂತ ಗ್ಲಿಸಾಂಡೊ ಅನ್ನುವ ಗುರುತು ಹಾಕಿ ನೋಡಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಅದನ್ನೇ ಮೆಟ್ಟಿಲಿಲ್ಲದೆ ಜಾರುವ ಪೋರ್ಟಮೆಂಟೊ ಮಾಡಿದರೆ ಪರವಾಗಿಲ್ಲ, ಆದರೂ ಅದು ನಮ್ಮ ಜಾರು ಅಲ್ಲ, ತೆಗೆದುಬಿಟ್ಟೆ. ಈಗ ಮಲಹರಿ ರಾಗದ ಗೀತೆಗಳು ನಡೆಯುತ್ತಿವೆ, ಮೂರು ಮುಗಿದಿವೆ.