ರಾಗಿ ಚೀಲ ಮತ್ತು ಬೆಳಗಿನ ಒಂದು ಗಂಟೆ

ನಮ್ಮ ಕೆಳಗಿನ ಮನೆ ಬಾಡಿಗೆಯವರ ಮಗುವಿಗೆ ನಾಲ್ಕೂವರೆ ವರ್ಷ. ಬಲ ಮಂಡಿ ಊದಿಕೊಂಡು ಮೂರು ತಿಂಗಳಾಯಿತು. ಡಾಕ್ಟರು ನೋಡಿ ಮಕ್ಕಳ ಸಂಧಿವಾತ ಅಂತ ಹೇಳಿ ಔಷಧಿ ಶುರು ಮಾಡಿದ್ದಾರೆ. ಅಲ್ಲಿಯವರೆಗೆ ಎಲ್ಲ ಸರಿ. ಮೊನ್ನೆ ಬೆಳಗ್ಗೆ ಹಾಲಿನ ಪ್ಯಾಕೆಟ್ ತರಲು ಕೆಳಗಿಳಿದೆ. ಗೇಟಿನ ಹತ್ತಿರ ಸ್ಕೂಲ್ ವ್ಯಾನು ಹಾರ್ನ್ ಹೊಡೆಯುತ್ತಿದೆ. ಬಾಗಿಲಲ್ಲಿ ತಾಯಿ ಮಗುವಿನ ಎರಡೂ ಕೈ ಹಿಡಿದು "ಬೇಗ ನಡಿ, ಬೇಗ ನಡಿ" ಅಂತ ಎಳೆಯುತ್ತಿದ್ದಾಳೆ. ಮಗು ಮಂಡಿ ಮಡಿಸಿಕೊಂಡು ಕುಂಟುತ್ತಿದೆ. ಹಾಸಿಗೆಯಿಂದ ಎದ್ದು ಹತ್ತು ನಿಮಿಷ ಆಗಿರಬಹುದು, ಅಷ್ಟೆ. ಹಾಲಿನ ಪ್ಯಾಕೆಟ್ ಅಲ್ಲೇ ಮೆಟ್ಟಿಲ ಮೇಲಿಟ್ಟು ನಾಲ್ಕು ಮಾತು ಅಂದೇಬಿಟ್ಟೆ. ಅಂದ ಮೇಲೆ ಬರೆದೂ ಬಿಡೋಣ ಅನ್ನಿಸಿತು. ಹೀಗೆ ಮಾಡುವವರು ಅವಳೊಬ್ಬಳೇ ಅಲ್ಲ.

ಇಷ್ಟು ಗಟ್ಟಿಯಾಗಿ ಮಾತಾಡಲು ನನಗೇನು ಹಕ್ಕು ಅಂದರೆ, ನನ್ನ ಮೊಮ್ಮಗಳು ಪುಟ್ಟಿಗೂ ಇದೇ ಆಗಿತ್ತು. ಆಗ ಅವಳಿಗೆ ಮೂರು ವರ್ಷ ತುಂಬಿತ್ತಷ್ಟೆ. ಅವರಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು. ಹನುಮಂತನಗರದ ಈ ಮನೆಯಲ್ಲಿ ಮಗು ನನ್ನ ಕೈಯಲ್ಲಿತ್ತು. ಬೆಳಗ್ಗೆ ಎದ್ದು ಕಾಲು ಎಳೆದುಕೊಂಡು ಬರುತ್ತಿದ್ದಳು, ಹತ್ತು ಗಂಟೆಯ ಹೊತ್ತಿಗೆ ಕುಣಿಯುತ್ತಿದ್ದಳು. ನಾನೇ "ಸೋಮಾರಿ, ನಾಟಕ ಆಡ್ತೀಯಾ" ಅಂತ ಗದರಿದ್ದೇನೆ. ಅದು ಈಗಲೂ ಎದೆಯಲ್ಲಿ ಚುಚ್ಚುತ್ತದೆ. ಮೊದಲು ತೋರಿಸಿದ ಕಡೆ ಬಿದ್ದಿರಬೇಕು ಅಂತ ಮಂಡಿಗೆ ಪಟ್ಟಿ ಸುತ್ತಿ ಮೂರು ವಾರ ಕೂರಿಸಿದರು. ಪಟ್ಟಿ ಬಿಚ್ಚಿದಾಗ ಮಂಡಿ ಇನ್ನೂ ದಪ್ಪ, ಅದರ ಮೇಲಿನ ತೊಡೆ ಕಡ್ಡಿ.

ಬೆಳೆಯುವ ಮಕ್ಕಳಿಗೆ ಕಾಲುನೋವು ಬರುತ್ತದೆ, ನಿಜ. ಆದರೆ ಅದು ಸಂಜೆ ಬರುತ್ತದೆ, ರಾತ್ರಿ ಅಳಿಸುತ್ತದೆ, ಬೆಳಗ್ಗೆ ಎದ್ದರೆ ಏನೂ ಇಲ್ಲ. ಇದು ಅದರ ತಲೆಕೆಳಗು. ಬೆಳಗ್ಗೆ ಹಿಡಿದುಕೊಂಡಿರುತ್ತದೆ, ಹೊತ್ತು ಏರಿದ ಹಾಗೆ ಬಿಡುತ್ತದೆ. ಒಂದು ಕೀಲು ಆರು ವಾರ ಕಳೆದರೂ ಊದಿಕೊಂಡೇ ಇದ್ದರೆ ಸುಮ್ನೆ ಎಣ್ಣೆ ಹಚ್ಚುತ್ತಾ ಕೂರಬೇಡಿ, ಮಕ್ಕಳ ರುಮಟಾಲಜಿ ಡಾಕ್ಟರನ್ನು, ಅಂದರೆ ಕೀಲಿನ ಕಾಯಿಲೆ ನೋಡುವವರನ್ನು, ನೋಡಿ. ಬೆಂಗಳೂರಿನಲ್ಲಿ ಅಂಥವರು ಇದ್ದಾರೆ. "ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದಿದೆ, ಹಾಗಾಗಿ ಏನೂ ಇಲ್ಲ" ಅಂತ ಸಮಾಧಾನ ಪಟ್ಟುಕೊಳ್ಳುವವರಿಗೆ ಒಂದು ಮಾತು: ಈ ಕಾಯಿಲೆ ಇರುವ ಹೆಚ್ಚಿನ ಮಕ್ಕಳಿಗೆ ಸಂಧಿವಾತಕ್ಕೆ ಮಾಡಿಸುವ ಆ ರಕ್ತ ಪರೀಕ್ಷೆ ನೆಗೆಟಿವ್ ಆಗಿಯೇ ಬರುತ್ತದೆ. ಮುದುಕರ ಸಂಧಿವಾತ ಬೇರೆ, ಇದು ಬೇರೆ. ನನ್ನ ಮಂಡಿ ಸವೆದು ನೋಯುತ್ತದೆ. ಮಗುವಿನ ಮಂಡಿ ಸವೆದಿಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುವುದರಿಂದ ಊದುತ್ತದೆ ಅಂತ ನಮ್ಮ ಡಾಕ್ಟರು ಬಿಡಿಸಿ ಹೇಳಿದ್ದರು.

ಈಗ ಬೆಳಗಿನ ವಿಷಯ. ರಾತ್ರಿಯೆಲ್ಲ ಅಲುಗಾಡದೆ ಮಲಗಿದ ಕೀಲು ಮಳೆಯಲ್ಲಿ ನೆಂದ ಬಾಗಿಲಿನ ಹಾಗೆ. ಎಳೆದರೆ ಕಿರುಗುಟ್ಟುತ್ತದೆ, ತೆರೆಯುವುದಿಲ್ಲ. ಹಾಗಾಗಿ ವ್ಯಾನು ಏಳೂವರೆಗೆ ಬರುವುದಾದರೆ ಮನೆಯವರು ಐದೂವರೆಗೆ ಏಳಬೇಕು. ಮಗು ಅಲ್ಲ, ನೀವು. ಕಣ್ಣರಳಿಸಬೇಡಿ. ರಾತ್ರಿ ಮೊಬೈಲ್ ನೋಡುವುದನ್ನು ಅರ್ಧ ಗಂಟೆ ಕಡಿಮೆ ಮಾಡಿದರೆ ಆಗುತ್ತದೆ.

ಆ ಬಿಗಿತ ಬಿಡಿಸಲು ನಾನು ಆಣೆ ಇಟ್ಟು ಹೇಳುವುದು ರಾಗಿ ಚೀಲದ ಶಾಖ. ಅಂಗಡಿಯಲ್ಲಿ ಸಿಗುವ ಬಿಸಿನೀರಿನ ರಬ್ಬರ್ ಚೀಲ ನಮ್ಮಂಥ ದೊಡ್ಡವರಿಗೆ. ಪುಟ್ಟ ಮಂಡಿಯ ಮೇಲೆ ಅದು ನಿಲ್ಲುವುದಿಲ್ಲ, ಬಾತುಕೋಳಿ ಹಾಗೆ ಜಾರುತ್ತದೆ, ಬಿರಡೆ ಸಡಿಲವಾದರೆ ಕಥೆ ಮುಗಿಯಿತು. ನನ್ನಮ್ಮ ಉಪ್ಪಿನ ಶಾಖ ಕೊಡುತ್ತಿದ್ದರು. ಉಪ್ಪು ಕಾದರೆ ಕೆಂಡ, ಮಳೆಗಾಲದಲ್ಲಿ ನೀರೊಡೆದು ಹೆಂಟೆ ಕಟ್ಟುತ್ತದೆ. ಅಕ್ಕಿ ಪರವಾಗಿಲ್ಲ, ಆದರೆ ಕಾಳು ಉದ್ದ, ಮೂಳೆಯ ಮೇಲೆ ಒತ್ತುತ್ತದೆ. ರಾಗಿ ಮರಳಿನ ಹಾಗೆ. ಮಂಡಿಚಿಪ್ಪಿನ ಎರಡೂ ಪಕ್ಕದ ಗುಳಿಗೆ ತಾನೇ ಹೋಗಿ ಕೂರುತ್ತದೆ.

ಬಟ್ಟೆ ಹಳೇ ಪಂಚೆಯದೇ ಆಗಬೇಕು. ಹೊಸ ಪಂಚೆಗೆ ಗಂಜಿ ಇರುತ್ತದೆ, ಬಿಸಿಗೆ ವಾಸನೆ ಹೊಡೆಯುತ್ತದೆ. ಒಗೆದು ಒಗೆದು ಕೈಗೆ ಬೆಣ್ಣೆ ಹಾಗೆ ಸಿಗುವ ಪಂಚೆ ಹುಡುಕಿ. ಪಾಲಿಯೆಸ್ಟರ್ ಕಡೆಗೆ ತಿರುಗಿಯೂ ನೋಡಬೇಡಿ. ಹಾಂ, ಪಂಚೆ ಅಂದಾಗ ನೆನಪಾಯಿತು. ಈಗಿನವರು ಬಿಳಿ ಪಂಚೆಯನ್ನು ಜೀನ್ಸ್ ಜೊತೆಗೇ ಮಶೀನಿಗೆ ತುರುಕುತ್ತಾರೆ. ಆಮೇಲೆ "ಅಮ್ಮಾ, ಯಾಕೋ ನೀಲಿ ಆಯ್ತು" ಅನ್ನುತ್ತಾರೆ. ಯಾಕೋ ಅಂತೆ! ಬಿಳಿ ಬಟ್ಟೆ ಬೇರೆ ನೆನೆಸಿ, ತಾರಸಿ ಮೇಲೆ ನೆತ್ತಿ ಬಿಸಿಲಿಗೆ ಒಣಗಿಸಿ. ಇಷ್ಟು ಹೇಳಿ ನನ್ನ ಚೀಲಕ್ಕೆ ಬರುತ್ತೇನೆ.

ಒಂದು ಗೇಣು ಉದ್ದ, ಮುಕ್ಕಾಲು ಗೇಣು ಅಗಲ. ಮಗುವಿನ ಮಂಡಿ ಮೇಲೆ ಇಟ್ಟರೆ ಎರಡೂ ಕಡೆ ಇಳಿಬೀಳಬೇಕು. ಹೊಲಿಗೆ ಎರಡು ಸಾಲು ಹಾಕಿ. ರಾಗಿ ಎಂಥಾ ಸಂದಿಯಿಂದಲೂ ಜಾರುತ್ತದೆ, ಆಮೇಲೆ ಹಾಸಿಗೆ ತುಂಬ ಇರುವೆ. ಬಾಯಿಗೆ ನೇಫೆ ಮಾಡಿ ಲಾಡಿ ಹಾಕಿ. ಲಾಡಿಯ ತುದಿಗೆ ಒಂದು ಪಿನ್ನ ಸಿಕ್ಕಿಸಿ ತಳ್ಳಿದರೆ ಸಲೀಸಾಗಿ ಬರುತ್ತದೆ, ಆಮೇಲೆ ಪಿನ್ನ ತೆಗೆಯಿರಿ. ಇಂಥದ್ದೇ ಇನ್ನೊಂದು ಚೀಲ ಸ್ವಲ್ಪ ದೊಡ್ಡದಾಗಿ ಫ್ಲಾನೆಲ್ ಬಟ್ಟೆಯಲ್ಲಿ ಹೊಲಿಯಿರಿ. ಅದು ಮೇಲಿನ ಹೊದಿಕೆ. ಮಗುವಿನ ಚರ್ಮಕ್ಕೆ ತಾಗುವುದು ಯಾವಾಗಲೂ ಅದೇ.

ರಾಗಿ ಕಲ್ಲು, ಹೊಟ್ಟು ಇಲ್ಲದ್ದು. ತೊಳೆಯಬೇಡಿ. ಚೀಲದ ಅರ್ಧಕ್ಕಿಂತ ಚೂರು ಜಾಸ್ತಿ ಹಿಡಿಯುವಷ್ಟು ಸಾಕು. ಗಟ್ಟಿಯಾಗಿ ತುಂಬಿದರೆ ಚೆಂಡಾಗುತ್ತದೆ. ದಪ್ಪ ತಳದ ಬಾಣಲೆಗೆ ಸುರಿದು ಸಣ್ಣ ಉರಿ ಇಟ್ಟು ಆಡಿಸುತ್ತಾ ಇರಿ. ಚಟ್ ಅಂತ ಒಂದು ಕಾಳು ಸಿಡಿದರೂ ಮಿತಿ ಮೀರಿತು ಅಂತ ಅರ್ಥ, ಅಷ್ಟು ಬಿಸಿ ಮಗುವಿಗಲ್ಲ. ಸಿಡಿಯುವ ಎಷ್ಟೋ ಮೊದಲೇ ಒಲೆ ಆರಿಸಿ ಅಗಲವಾದ ತಟ್ಟೆಗೆ ಸುರಿಯಿರಿ. ಈಗ ಕೈ ಒಳಗಿಡಿ. ಸೌಟು ಅಲ್ಲ, ಕೈ. ಸೌಟಿಗೆ ಬಿಸಿ ಗೊತ್ತಾಗುವುದಿಲ್ಲ. ಹತ್ತು ಎಣಿಸುವವರೆಗೆ ಕೈ ನೆಮ್ಮದಿಯಾಗಿ ಇರಬೇಕು. ಏಳಕ್ಕೇ ತೆಗೆಯುವಂತಾದರೆ ಕಾಯಿರಿ. ಆಮೇಲೆ ಚೀಲಕ್ಕೆ ತುಂಬಿ, ಹೊದಿಕೆ ಹಾಕಿ, ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಒಂದು ನಿಮಿಷ ಇಟ್ಟು ನೋಡಿ. ನಂತರವೇ ಮಗುವಿಗೆ.

ಪುಟ್ಟಿ ಇನ್ನೂ ಅರೆನಿದ್ದೆಯಲ್ಲಿ ಇರುವಾಗಲೇ ರಗ್ಗಿನ ಒಳಗೆ ಕೈ ಹಾಕಿ ಚೀಲ ಮಂಡಿ ಮೇಲೆ ಇಡುತ್ತಿದ್ದೆ. ಹದಿನೈದು ನಿಮಿಷ. ಅಷ್ಟು ಹೊತ್ತು ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದೆ. ಮಲಗಿದ ಮಗುವಿನ ಮೇಲೆ ಬಿಸಿ ಚೀಲ ಇಟ್ಟು ಅಡುಗೆಮನೆಗೆ ಹೋಗುವುದು, ರಾತ್ರಿಯಿಡೀ ಕಟ್ಟಿಬಿಡುವುದು ಬೇಡವೇ ಬೇಡ. ಐದು ನಿಮಿಷಕ್ಕೊಮ್ಮೆ ಚೀಲ ಎತ್ತಿ ಚರ್ಮ ನೋಡಿ. ಕೀಲು ಆಗಲೇ ಕೆಂಪಾಗಿ, ಮುಟ್ಟಿದರೆ ತಾನೇ ಸುಡುತ್ತಿದ್ದರೆ ಶಾಖ ಕೊಡದೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ತಿಂಗಳಿಗೊಮ್ಮೆ ರಾಗಿ ಬದಲಾಯಿಸಿ. ಕಾಯಿಸಿ ಕಾಯಿಸಿ ಸೀದ ವಾಸನೆ ಬರುತ್ತದೆ. ಆ ರಾಗಿಯನ್ನು ನಾನು ತಾರಸಿ ಮೇಲೆ ಪಾರಿವಾಳಕ್ಕೆ ಹಾಕುತ್ತಿದ್ದೆ, ಹಿಟ್ಟು ಮಾಡಿಸುವಷ್ಟು ಜಿಪುಣತನ ಬೇಡ.

ಚೀಲ ತೆಗೆದ ಮೇಲೆ ಹಾಸಿಗೆಯಲ್ಲೇ ಸೈಕಲ್ ತುಳಿಯುವ ಆಟ. ಕಾಲನ್ನು ನೀವು ಮಡಿಸಬೇಡಿ, ಅವಳೇ ಎಷ್ಟು ಮಡಿಸುತ್ತಾಳೋ ಅಷ್ಟು. ಆಮೇಲೆ ಬಿಸಿನೀರು. ಡಿಸೆಂಬರ್, ಜನವರಿಯಲ್ಲಿ ನಮ್ಮೂರಲ್ಲಿ ಬೆಳಗ್ಗೆ 15-16 ಡಿಗ್ರಿ ಇರುತ್ತದೆ, ಕೆಂಪು ಗಾರೆ ನೆಲ ಮಂಜುಗಡ್ಡೆ. ಚಳಿಯಿಂದ ಈ ಕಾಯಿಲೆ ಬರುವುದಿಲ್ಲ, ಆದರೆ ಮೊದಲೇ ಬಿಗಿದ ಮಗುವಿಗೆ ತಣ್ಣನೆ ನೆಲ ಮುಟ್ಟಲು ಮನಸ್ಸಾಗುವುದಿಲ್ಲ. ಬಚ್ಚಲವರೆಗೂ ಒಂದು ಚಾಪೆ ಹಾಸಿ. ಟಬ್ಬಿನಲ್ಲಿ ಸೊಂಟದವರೆಗೆ ನೀರು, ಬಾಣಂತಿ ಮಗುವಿಗೆ ನೋಡುವ ಹಾಗೆ ಮೊಣಕೈ ಅದ್ದಿ ನೋಡಿದ ಬಿಸಿ. ಹತ್ತು ನಿಮಿಷ ಆಡಲಿ. ಬೆರಳು, ಮಣಿಕಟ್ಟು ಹಿಡಿದಿದ್ದರೆ ಸ್ಪಂಜು ಕೊಟ್ಟು ಹಿಂಡಿಸಿ. ಬಚ್ಚಲಿಂದ ಬರುವ ಪುಟ್ಟಿಯೇ ಬೇರೆ ಹುಡುಗಿ ಆಗಿರುತ್ತಿದ್ದಳು.

ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ನೋವಿನ ಔಷಧಿ. ಖಾಲಿ ಹೊಟ್ಟೆಗೆ ಕೊಟ್ಟು "ಹೊಟ್ಟೆನೋವು ಅಂತಾಳೆ" ಅಂದರೆ ತಪ್ಪು ಯಾರದ್ದು?

ಮಂಡಿ ಕೆಳಗೆ ದಿಂಬು ಇಡುವವರ ಮೇಲೆ ನನಗೆ ಇನ್ನೂ ಸಿಟ್ಟು. ಮಗುವಿಗೆ ಹಿತ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ಮಡಿಸಿದ ಕಾಲು ಮಡಿಸಿದ ಹಾಗೇ ಕೂತುಬಿಡುತ್ತದೆ, ಆಮೇಲೆ ನೇರ ಮಾಡಲು ತಿಂಗಳುಗಟ್ಟಲೆ ಒದ್ದಾಡಬೇಕು. ಅದರ ಬದಲು ಸಂಜೆ ಬೋರಲು ಮಲಗಿಸಿ ಬಣ್ಣದ ಪೆನ್ಸಿಲ್ ಕೊಡಿ. ಬಣ್ಣ ಹಚ್ಚುವ ಇಪ್ಪತ್ತು ನಿಮಿಷದಲ್ಲಿ ಸೊಂಟ, ಮಂಡಿ ಎರಡೂ ತಾವಾಗಿ ನೆಟ್ಟಗಾಗುತ್ತವೆ. ನಮ್ಮ ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದು. ಹಾಗೇ, ಇಡೀ ದಿನ ಸೊಂಟದ ಮೇಲೆ ಹೊತ್ತು ತಿರುಗಬೇಡಿ. ನಡೆಯದಿದ್ದರೆ ತೊಡೆ ಇನ್ನೂ ಬಡಕಲಾಗುತ್ತದೆ. ಮೂರು ಗಾಲಿ ಸೈಕಲ್ಲು, ಬೆಚ್ಚಗಿನ ನೀರಿನಲ್ಲಿ ಈಜು ಇವೆಲ್ಲ ಒಳ್ಳೆಯದು. ಊದಿದ ಕೀಲನ್ನು ಎಣ್ಣೆ ಹಚ್ಚಿ ತಿಕ್ಕಿ ಎಳೆಯುವುದು ಮಾತ್ರ ಬೇಡ. ನಾನು ಊಟಕ್ಕೆ ಚಕ್ಕಂಬಕ್ಕಳ ಹಾಕಲೇಬೇಕು ಅನ್ನುವವಳು, ಪುಟ್ಟಿಗೋಸ್ಕರ ನಾನೂ ಕುರ್ಚಿಗೆ ಬಂದೆ.

ಈ ಕಾಯಿಲೆಗೆ ಕೊಡುವ ವಾರದ ಮಾತ್ರೆ ಮೆಥೋಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ಮರೆತು ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಊಟ ಆದ ಮೇಲೆ. ವಾಕರಿಕೆ ಬಂದರೆ ನಿದ್ದೆಯಲ್ಲಿ ಕಳೆಯಲಿ, ಭಾನುವಾರ ಸ್ಕೂಲೂ ಇಲ್ಲ. ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಶನಿವಾರಕ್ಕೆಲ್ಲ ಕೆಂಪು ಸುತ್ತು ಹಾಕಿ, ಕೊಟ್ಟ ತಕ್ಷಣ ಗೀಟು ಎಳೆಯುತ್ತಿದ್ದೆ. ಅದರ ಜೊತೆಗೆ ಕೊಡುವ ಫೋಲಿಕ್ ಆಸಿಡ್ ವಿಟಮಿನ್ ಯಾವ ದಿನ ಅಂತ ಡಾಕ್ಟರು ಬರೆದ ಹಾಗೇ. ಮನೆಯಲ್ಲಿ ಬಸುರಿ ಇದ್ದರೆ ಮೆಥೋಟ್ರೆಕ್ಸೇಟ್ ಮಾತ್ರೆ ಮುಟ್ಟುವುದು, ಪುಡಿ ಮಾಡುವುದು ಅವಳ ಕೆಲಸವಲ್ಲ. ಈ ಔಷಧಿ ಕೆಲಸ ಶುರು ಮಾಡಲು ವಾರಗಳೇ ಬೇಕು. ಎರಡು ವಾರಕ್ಕೇ "ಏನೂ ಆಗ್ಲಿಲ್ಲ" ಅಂತ ನಿಲ್ಲಿಸುವವರನ್ನೂ ನೋಡಿದ್ದೇನೆ, ನೋವು ಹೋಯಿತು ಅಂತ ನಿಲ್ಲಿಸುವವರನ್ನೂ ನೋಡಿದ್ದೇನೆ. ನಿಲ್ಲಿಸುವುದು ಡಾಕ್ಟರು. ಹೇಳಿದ ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಜ್ವರ ಬಂದರೆ, ಪಕ್ಕದ ಮನೆ ಮಗುವಿಗೆ ಅಮ್ಮ (ಚಿಕನ್ ಪಾಕ್ಸ್) ಅಂತ ಗೊತ್ತಾದರೆ, ಯಾವುದೇ ಲಸಿಕೆ ಹಾಕಿಸುವ ಮೊದಲು, ಡಾಕ್ಟರಿಗೆ ಒಂದು ಫೋನ್ ಮಾಡಿ.

ಕಣ್ಣು ಮಾತ್ರ ಮರೆಯಬೇಡಿ. ಈ ಕಾಯಿಲೆಯಲ್ಲಿ ಕಣ್ಣಿನ ಒಳಗೂ ಉರಿಯೂತ ಬರಬಹುದು. ಹೆಚ್ಚಾಗಿ ಕೆಂಪಾಗುವುದಿಲ್ಲ, ನೋಯುವುದಿಲ್ಲ, ಮಗು ಹೇಳುವುದೂ ಇಲ್ಲ, ದೃಷ್ಟಿ ಹೋಗುತ್ತಾ ಇರುತ್ತದೆ. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸಿದರೆ ಅದು ಗೊತ್ತಾಗುವುದಿಲ್ಲ. ಮಿಂಟೋ ಕಣ್ಣಾಸ್ಪತ್ರೆ ಆಗಲಿ, ನಿಮ್ಮ ಬಡಾವಣೆಯ ಕಣ್ಣಿನ ಡಾಕ್ಟರಾಗಲಿ, ಸ್ಲಿಟ್ ಲ್ಯಾಂಪ್ ಅನ್ನುವ, ಬೆಳಕು ಬಿಟ್ಟು ಕಣ್ಣಿನ ಒಳಗನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡಬೇಕು. ಪುಟ್ಟಿಗೆ ಮೂರು ತಿಂಗಳಿಗೊಮ್ಮೆ ಅಂದಿದ್ದರು. ಅಳಿಯ ಒಮ್ಮೆ "ಕಣ್ಣು ಚೆನ್ನಾಗೇ ಇದೆಯಲ್ಲ ಅತ್ತೆ, ಮುಂದಿನ ತಿಂಗಳು ಹೋಗೋಣ" ಅಂದ. ನಾನೇ ಆಟೋ ಹಿಡಿದು ಕರೆದುಕೊಂಡು ಹೋದೆ.

ಊಟದ ಬಗ್ಗೆ ಉಪದೇಶ ಮಾಡುವವರು ಬೇಕಾದಷ್ಟು ಜನ. ಬದನೆಕಾಯಿ ವಾಯು, ಆಲೂಗೆಡ್ಡೆ ವಾಯು, ಹುಳಿ ಮುಟ್ಟಲೇಬಾರದು. ಹಾಗೆ ಒಂದೊಂದೇ ಬಿಡಿಸಿ ಕೊನೆಗೆ ಮಗುವಿಗೆ ಉಳಿಯುವುದು ಅನ್ನ ತುಪ್ಪ. ಮನೆಯವರೆಲ್ಲ ತಿನ್ನುವುದನ್ನೇ ಕೊಡಿ. ಹಾಲು, ಮೊಸರು, ಸೊಪ್ಪು, ಬೇಳೆ ಚೆನ್ನಾಗಿರಲಿ.

ಸ್ಕೂಲಿಗೆ ಹೋಗಿ ಟೀಚರ್ ಹತ್ತಿರ ಕೂತು ಮಾತಾಡಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲು ಬಿಡಲಿ, ಬೋರ್ಡ್ ಒರೆಸುವ ಕೆಲಸ ಕೊಟ್ಟರೆ ಆಯಿತು. ಪುಸ್ತಕದ ಇನ್ನೊಂದು ಸೆಟ್ ಕ್ಲಾಸಿನಲ್ಲೇ ಇರಲಿ. ಲೇಸ್ ಬೂಟು ಬಿಟ್ಟು ಪಟ್ಟಿ ಅಂಟಿಸುವ ಬೂಟು ಕೊಡಿಸಿ.

ಕೆಳಗಿನ ಮನೆ ಮಗುವಿನ ಅಮ್ಮನಿಗೆ ಇದನ್ನೆಲ್ಲ ಹೇಳಿ, ಪುಟ್ಟಿಯ ಹಳೇ ಚೀಲಕ್ಕೆ ಹೊಸ ಲಾಡಿ ಹಾಕಿ ಕೊಟ್ಟೆ. "ಥ್ಯಾಂಕ್ಸ್ ಆಂಟಿ" ಅಂತ ಕಣ್ಣೊರೆಸಿಕೊಂಡಳು, ಪಾಪ. ಮಾರನೇ ದಿನ ಐದೂವರೆಗೇ ಕೆಳಗೆ ದೀಪ ಕಂಡಿತು. ಖುಷಿಯಾಯಿತು. ಹತ್ತು ನಿಮಿಷಕ್ಕೆ ಬೆಲ್ ಆಯಿತು. ಬಾಣಲೆ ಯಾಕೆ ಅಂತ ಚೀಲವನ್ನು ಹಾಗೇ ಮೈಕ್ರೋವೇವಿಗೆ ಇಟ್ಟಿದ್ದಾಳೆ. ಒಳಗೆ ಪಟಪಟ ಕಿಡಿ ಹಾರಿತಂತೆ. ಚೀಲ ಬಿಚ್ಚಿ ನೋಡಿದೆ. ಲಾಡಿಯ ತುದಿಯಲ್ಲಿ ಪಿನ್ನ ಹಾಗೇ ಇತ್ತು. ಅದನ್ನು ತೆಗೆಯುವುದು ಮರೆತವಳು ನಾನು. ಅವಳಿಗೆ ಹೇಳಲಿಲ್ಲ. ಪಿನ್ನ ಸೆರಗಿಗೆ ಸಿಕ್ಕಿಸಿಕೊಂಡು, ಬಾಣಲೆ ತಗೊಂಡು ಕೆಳಗೆ ಹೋದೆ.